ಚೀಲವೂ ಸೇರಿ ಏಳು ಕಿಲೋ

ಅಕ್ಕನ ಮಗಳು ಕಳಿಸಿದ ಮೆಸೇಜನ್ನು ನಾನು ಕೊನೆಯವರೆಗೆ ಓದಲಿಲ್ಲ. ನನ್ನ ತಪ್ಪು ಅಲ್ಲಿಂದ ಶುರುವಾಗುತ್ತದೆ. ಅದನ್ನು ಬಾಯಿಬಿಟ್ಟು ಹೇಳಲು ಎಂಟು ತಿಂಗಳು ಹಿಡಿಯಿತು. ಆ ಎಂಟು ತಿಂಗಳಲ್ಲಿ ನನ್ನ ಅಕ್ಕ ಮೊದಲ ಸಲ ವಿಮಾನ ಹತ್ತಿದಳು, ಅಜ್ಜಿಯಾದಳು, ಮದ್ದೂರು ವಡೆ ತಿನ್ನುವುದನ್ನು ಬಿಟ್ಟಳು. ಮೊದಲೆರಡಕ್ಕೆ ನಾನು ಹೊಣೆಯಲ್ಲ.

ಮೆಸೇಜು ಇಂಗ್ಲಿಷಿನಲ್ಲಿ ಬಂದಿದ್ದರೆ ಒಂದು ನೆಪವಾದರೂ ಇರುತ್ತಿತ್ತು. ಅವಳು ಬರೆದದ್ದು ಕನ್ನಡದಲ್ಲಿ, ಅದೂ ನನ್ನಂಥವನಿಗೆ ತಿಳಿಯಲಿ ಎಂದು ಚಿಕ್ಕ ಚಿಕ್ಕ ಸಾಲುಗಳಲ್ಲಿ. ನಾನು ಏಳನೇ ಕ್ಲಾಸಿಗೆ ನಿಲ್ಲಿಸಿದವನು. ತುಟಿ ಅಲ್ಲಾಡಿಸದೆ ಓದಲು ನನಗೆ ಬರುವುದಿಲ್ಲ. ಎರಡು ಸಾಲು ದಾಟಿದರೆ ಆಕಳಿಕೆ ಬರುತ್ತದೆ. ಆದರೂ ನಮ್ಮ ಮನೆಯಲ್ಲಿ ಓದಿದವನೆಂದರೆ ನಾನೇ, ಯಾಕೆಂದರೆ ಅಕ್ಕನನ್ನು ಎರಡನೇ ಕ್ಲಾಸಿಗೇ ಬಿಡಿಸಿದ್ದರು. ಬಿಡಿಸಿದ್ದು ನನ್ನ ತೊಟ್ಟಿಲು ತೂಗಲು. ಅವಳಿಗೆ ಆಗ ಎಂಟು ವರ್ಷ. ಅವ್ವ ಗದ್ದೆ ಕೆಲಸಕ್ಕೆ ಹೋಗುತ್ತಿದ್ದಳು, ನಾನು ಅಳುತ್ತಿದ್ದೆ, ಇನ್ನು ಯಾರಾದರೂ ತೂಗಲೇಬೇಕಿತ್ತು. ಆ ಸಾಲವನ್ನು ಅಕ್ಕ ಯಾವತ್ತೂ ಎತ್ತಿ ಆಡಿದವಳಲ್ಲ. ಬದಲಿಗೆ ಯಾವ ಕಾಗದ ಬಂದರೂ ನನ್ನ ಕೈಗೆ ಕೊಟ್ಟು, ನಾನು ಓದುವಾಗ ನನ್ನ ತುಟಿಯನ್ನೇ ನೋಡುತ್ತಾ ಕೂರುತ್ತಾಳೆ. ಹಾಗೆ ನೋಡಿದರೆ ಯಾವ ಗಂಡಸಿಗೂ ತಾನು ಪಂಡಿತ ಅನ್ನಿಸಿಬಿಡುತ್ತದೆ.

ಅಕ್ಕ ಇರುವುದು ಕಿರುಗಾವಲಿನಲ್ಲಿ. ಅವಳ ಮಗಳು ಗಂಡನ ಜೊತೆ ನಾಗಪುರದಲ್ಲಿ. ಹೆರಿಗೆಗೆ ಊರಿಗೇ ಬರುವುದೆಂದು ಮಾತಾಗಿತ್ತು. ಆದರೆ ಅಲ್ಲಿನ ಡಾಕ್ಟರು ಬಸುರಿ ಓಡಾಡುವುದು ಬೇಡ ಅಂದರು. ರೈಲಿನಲ್ಲಿ ಜಾಗ ಸಿಗಲಿಲ್ಲ. ಅಕ್ಕನ ಮಗಳು ಎಲ್ಲಕ್ಕಿಂತ ಅಗ್ಗದ ವಿಮಾನದ ಟಿಕೆಟ್ ಹುಡುಕಿ ತನ್ನ ತಾಯಿಗೆ ತೆಗೆದಳು. ಆ ಟಿಕೆಟ್ಟಿಗೆ ವಿಮಾನದ ಹೊಟ್ಟೆಗೆ ಹಾಕುವ ದೊಡ್ಡ ಲಗೇಜು ಇಲ್ಲ. ಕೈಯಲ್ಲಿ ಹಿಡಿದುಕೊಂಡು ಹೋಗುವ ಒಂದೇ ಒಂದು ಬ್ಯಾಗು. ಅದರ ನಿಯಮಗಳೇ ಆ ಮೆಸೇಜು.

ನಾನು ಮಂಡ್ಯದ ಗುತ್ತಲಿನಿಂದ ಭಾನುವಾರ ಕಿರುಗಾವಲಿಗೆ ಹೋದಾಗ ಅಕ್ಕ ಫೋನನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟಳು.

"ಏನ್ ಬರ್ದವ್ಳೆ ಓದ್ಲಾ."

ನಾನು ಮೊದಲ ಸಾಲು ಓದಿದೆ. ಒಂದೇ ಬ್ಯಾಗು. ಎರಡನೇ ಸಾಲಿನಲ್ಲಿ ಏಳು ಕಿಲೋ ಅಂತ ಕಂಡಿತು. ಆಮೇಲೆ ಉದ್ದ, ಅಗಲ, ಎತ್ತರ ಅಂತ ಅಂಕಿಗಳು ಸಾಲಾಗಿ ಬಂದವು. ನನಗೆ ಆಕಳಿಕೆ ಬಂತು.

"ಏಳು ಕಿಲೋ ಅಂತೆ ಕಣಕ್ಕ."

"ಅಷ್ಟೇಯಾ? ಇಷ್ಟುದ್ದ ಅದಲ್ಲ."

"ಮಿಕ್ಕಿದ್ದೆಲ್ಲ ಕ್ಷೇಮ ಸಮಾಚಾರ."

ಅಕ್ಕ ನಂಬಿದಳು. ತೂಕದ ಮಾತಂತೂ ನನ್ನನ್ನು ಬಿಟ್ಟು ಇನ್ಯಾರನ್ನು ನಂಬಬೇಕು. ನಾನು ಮಂಡ್ಯದ ಬೆಲ್ಲದ ಮಂಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ತೂಕ ಹಾಕುವವನು. ಆಲೆಮನೆಯಿಂದ ಬಂದ ಮೂಟೆಯನ್ನು ಕೈಯಲ್ಲಿ ಎತ್ತಿ ನೋಡಿ ಇಷ್ಟಿದೆ ಎಂದರೆ ಮುಳ್ಳು ಅಲ್ಲೇ ಬಂದು ನಿಲ್ಲುತ್ತಿತ್ತು. ಈಗ ಮುಳ್ಳು ಹೋಗಿ ಕೆಂಪು ಅಂಕಿ ಬಂದಿವೆ, ಅವೂ ನನ್ನ ಮಾತು ಕೇಳುತ್ತವೆ.

ಆ ಮಂಡಿಯ ಅಭ್ಯಾಸವೇ ನನ್ನ ತಲೆ ಕೆಡಿಸಿದ್ದು. ನಮ್ಮಲ್ಲಿ ಏಳು ಕಿಲೋ ಎಂದರೆ ಏಳು ಕಿಲೋ ಬೆಲ್ಲ. ಚೀಲದ ತೂಕ ಯಾವಾಗಲೂ ಕಳೆಯಬೇಕು. ಚೀಲವೇನು ಬೆಲ್ಲವೇ? ಚೀಲ ಸೇರಿಸಿ ತೂಕ ಹೇಳುವವನನ್ನು ನಮ್ಮ ಮಂಡಿಯಲ್ಲಿ ಒಂದು ಗಂಟೆ ಇಟ್ಟುಕೊಳ್ಳುವುದಿಲ್ಲ. ವಿಮಾನದವರೂ ನಮ್ಮಂತೆ ಮರ್ಯಾದಸ್ಥರೇ ಇರಬೇಕು ಎಂದುಕೊಂಡೆ.

ಅಕ್ಕ ಕೊಂಡೊಯ್ಯಬೇಕಾದ ಸಾಮಾನನ್ನೆಲ್ಲ ಮಂಡಿಗೆ ತರಿಸಿದೆ. ಬಾಣಂತಿಗೆ ಅಂಟು, ಮೆಂತ್ಯ, ಒಣಶುಂಠಿ, ಹುರಿದ ರಾಗಿಯ ಹಿಟ್ಟು, ಎರಡು ಅಚ್ಚು ಬೆಲ್ಲ. ಕೂಸಿಗೆ ಹಾಸಲು, ಸುತ್ತಲು ಅವ್ವನ ಹಳೇ ಹತ್ತಿ ಸೀರೆಗಳನ್ನು ಹರಿದ ತುಂಡುಗಳು. ಅಕ್ಕನ ಬಟ್ಟೆ. ಇಷ್ಟರ ಮೇಲೆ ಸಾಣೆಕಲ್ಲು.

ಈ ಸಾಣೆಕಲ್ಲಿನ ವಿಷಯ ಹೇಳಬೇಕು. ಎರಡು ಅಂಗೈ ಜೋಡಿಸಿದಷ್ಟು ಅಗಲದ ಕರೀ ಕಲ್ಲು. ನಡುವೆ ಸವೆದು ಗುಳಿ ಬಿದ್ದಿದೆ. ಸರಿಯಾಗಿ ಎರಡು ಕಿಲೋ. ನಮ್ಮ ಕಡೆ ಕೂಸು ಹುಟ್ಟಿದರೆ ಬಜೆ, ಜಾಯಿಕಾಯಿ ಎಲ್ಲ ತೇಯ್ದು ನೆಕ್ಕಿಸುವುದು ಇಂಥದರ ಮೇಲೆ. ಅಕ್ಕನಿಗೆ ಅವ್ವ ತೇಯ್ದದ್ದು ಇದರ ಮೇಲೆ. ನನಗೆ ತೇಯ್ದದ್ದು ಅಕ್ಕ. ಎಂಟು ವರ್ಷದ ಹುಡುಗಿ ಎರಡು ಕೈಯಲ್ಲಿ ಬಜೆ ಹಿಡಿದು, ನಾಲಿಗೆ ಕಚ್ಚಿಕೊಂಡು ತೇಯುತ್ತಿದ್ದಳಂತೆ. ನಾನು ಗುಳಿಯೊಳಗೆ ಬೆರಳು ಹಾಕಿ ಬೈಸಿಕೊಳ್ಳುತ್ತಿದ್ದೆನಂತೆ. ಮೊಮ್ಮಗುವಿಗೂ ಇದೇ ಕಲ್ಲಿನ ಮೇಲೆ ತೇಯಬೇಕೆಂಬುದು ಅಕ್ಕನ ಒಂದೇ ಆಸೆ. ಮಿಕ್ಕಿದ್ದೆಲ್ಲ ನಾಗಪುರದ ಅಂಗಡಿಯಲ್ಲಿ ಸಿಗುತ್ತದೆ, ಕಲ್ಲು ಸಿಗುವುದಿಲ್ಲ ಅನ್ನುತ್ತಿದ್ದಳು.

ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ತೂಗಿದೆ. ಗೋಣಿಯ ತೂಕ ಕಳೆದೆ. ಒಂದು ಹಿಡಿ ಮೆಂತ್ಯ ತೆಗೆದೆ, ಅರ್ಧ ಹಿಡಿ ಮತ್ತೆ ಹಾಕಿದೆ. ಏಳು ಕಿಲೋ, ಒಂದು ಗ್ರಾಂ ಆಚೆ ಈಚೆ ಇಲ್ಲ. ಮಂಡಿಯವರು ಹತ್ತಿರ ಬಂದು ನೋಡಿ ಹೋದರು. ಆಮೇಲೆ ಅದನ್ನೆಲ್ಲ ನಮ್ಮ ಪಕ್ಕದ ಮನೆಯವರಿಂದ ಕೇಳಿ ತಂದಿದ್ದ ಚಕ್ರದ ಪೆಟ್ಟಿಗೆಗೆ ಜೋಡಿಸಿದೆ. ಗಟ್ಟಿ ಪೆಟ್ಟಿಗೆ. ಮೇಲೆ ನಿಂತರೂ ಬಗ್ಗುವುದಿಲ್ಲ. ಅದನ್ನು ಎತ್ತುವಾಗ ನನ್ನ ಕೈಗೇ ಗೊತ್ತಾಗಬೇಕಿತ್ತು. ಆದರೆ ಚಕ್ರವಿದ್ದದ್ದರಿಂದ ನಾನು ಎತ್ತಲೇ ಇಲ್ಲ, ಉರುಳಿಸಿದೆ.

ಹೊರಟ ದಿನ ಬೆಳಿಗ್ಗೆ ಅಕ್ಕ ಮಳವಳ್ಳಿ ಮೇಲೆ ಮದ್ದೂರಿಗೆ ಬಂದಳು. ನಾನು ಪೆಟ್ಟಿಗೆ ಉರುಳಿಸಿಕೊಂಡು ಮಂಡ್ಯದಿಂದ ಬಂದು ಸೇರಿಕೊಂಡೆ. ಬೆಂಗಳೂರು ಬಸ್ಸು ಬರುವುದರೊಳಗೆ ಅಕ್ಕ ಕಾಣೆಯಾದಳು. ವಾಪಸ್ಸು ಬಂದಾಗ ಕೈಯಲ್ಲಿ ಎಣ್ಣೆ ಹೀರಿದ ಕಾಗದದ ಪೊಟ್ಟಣ.

"ಅಳೀಮಯ್ಯಂಗೆ ಒಡೆ. ಅನ್ನೆರಡು."

"ಅಕ್ಕ, ತೂಕ ಸರ್ಯಾಗ್ ಮಾಡಿಟ್ಟಿವ್ನಿ."

"ಒಡೆಗೇನ್ಲಾ ತೂಕ. ಬರೇ ಗಾಳಿ."

ಪೆಟ್ಟಿಗೆಯ ಮೂಲೆಗೆ ತುರುಕಿದಳು. ಅರ್ಧ ಕಿಲೋ ಹೆಚ್ಚುಕಮ್ಮಿಗೆ ಯಾರು ಜಗಳ ಆಡುತ್ತಾರೆ.

ವಿಮಾನ ನಿಲ್ದಾಣದ ಬಾಗಿಲ ಹೊರಗೆ ಒಂದು ತೂಕದ ಯಂತ್ರ ಇಟ್ಟಿದ್ದರು, ಒಳಗೆ ಹೋಗುವ ಮೊದಲೇ ನೋಡಿಕೊಳ್ಳಲಿ ಎಂದು. ಅದನ್ನು ಕಂಡು ನನಗೆ ಖುಷಿಯಾಯಿತು. ನಮ್ಮ ಕಸುಬಿನದು. ಅಕ್ಕನಿಗೆ ತೋರಿಸೋಣವೆಂದು ಪೆಟ್ಟಿಗೆ ಇಟ್ಟೆ. ಹನ್ನೊಂದಕ್ಕೆ ನೂರು ಗ್ರಾಂ ಕಡಿಮೆ ತೋರಿಸಿತು.

"ಯಂತ್ರ ಕೆಟ್ಟೋಗದೆ," ಅಂದೆ.

ಬಾಗಿಲಲ್ಲಿ ನಿಂತಿದ್ದ ಕಾವಲಿನವನು ಉತ್ತರದ ಕಡೆಯವನು, ನಾಲ್ಕು ಮಾತು ಕನ್ನಡ ಕಲಿತಿದ್ದ. "ಯಂತ್ರ ಸರಿ ಇದೆ. ಬ್ಯಾಗ್ ಸರಿ ಇಲ್ಲ," ಅಂದ.

ಹೆಚ್ಚಿನ ತೂಕಕ್ಕೆ ಒಳಗೆ ದುಡ್ಡು ಕಟ್ಟಬಹುದು ಅಂತಲೂ ಅವನೇ ಹೇಳಿದ. ಅಕ್ಕ ಕೆನ್ನೆಗೆ ಕೈ ಇಟ್ಟುಕೊಂಡಳು. "ಕಲ್ಲಿಗೂ ಟಿಕೀಟು ತಕ್ಕಳದಾ? ಅದೇನು ಕಿಟ್ಕಿ ಪಕ್ಕ ಕೂತ್ಕತದಾ?"

ಗೋಡೆ ಪಕ್ಕ ಪೆಟ್ಟಿಗೆ ಬಿಚ್ಚಿದೆವು. ಅಕ್ಕ ಸಾಮಾನೆಲ್ಲ ಹೊರಗೆ ತೆಗೆದು, ನಮ್ಮೂರ ಸಂತೆಯಲ್ಲಿ ಹರಡಿದ ಹಾಗೆ ಹರಡಿ, ನನಗೆ ಬೆನ್ನು ಮಾಡಿ ಬಟ್ಟೆ ಮಡಿಸತೊಡಗಿದಳು. ನಾನು ಖಾಲಿ ಪೆಟ್ಟಿಗೆಯನ್ನು ಸುಮ್ಮನೆ ಯಂತ್ರದ ಮೇಲೆ ಇಟ್ಟೆ.

ಮೂರು ಕಿಲೋ ಇನ್ನೂರು ಗ್ರಾಂ.

ಒಳಗೆ ಗಾಳಿ ಬಿಟ್ಟು ಏನೂ ಇಲ್ಲ. ಆಗ ಫೋನು ತೆಗೆದು ಆ ಮೆಸೇಜನ್ನು, ಅವತ್ತು ಅಕ್ಕನ ಫೋನಿನಿಂದ ನನ್ನದಕ್ಕೂ ಕಳಿಸಿಕೊಂಡಿದ್ದನ್ನು, ನಿಂತಲ್ಲೇ ಓದಿದೆ. ಮೂರನೇ ಸಾಲು, ನಾಲ್ಕನೇ ಸಾಲು, ಐದನೇ ಸಾಲು. "ಬ್ಯಾಗಿನ ತೂಕವೂ ಸೇರಿ ಏಳು ಕಿಲೋ. ಮಾವನಿಗೆ ಇದನ್ನು ಒತ್ತಿ ಹೇಳು." ಒತ್ತಿ ಹೇಳು ಅಂತ ಬರೆದಿದ್ದಳು. ಸೋದರಮಾವನನ್ನು ಅವಳು ಚೆನ್ನಾಗಿ ಬಲ್ಲಳು.

ಅಕ್ಕ ತಿರುಗುವುದರೊಳಗೆ ಪೆಟ್ಟಿಗೆ ಕೆಳಗಿಳಿಸಿದೆ.

"ಯಾಕ್ಲಾ ಇಂಗಾಯ್ತು? ನೀನೇ ತೂಗಿದ್ಯಲ್ಲ."

ಆ ಒಂದು ಕ್ಷಣದಲ್ಲಿ ಸತ್ಯ ನನ್ನ ಹಲ್ಲಿನ ತನಕ ಬಂದಿತ್ತು. ಬಾಯಿ ತೆರೆದೆ. ಹೊರಗೆ ಬಂದದ್ದು ಬೇರೆ.

"ಒಡೆ ಕಣಕ್ಕ."

"ಅನ್ನೆರಡು ಒಡೆ ನಾಕು ಕಿಲೋ ತೂಗ್ತವಾ?"

"ಎಣ್ಣೆ ಕುಡ್ದವೆ."

ಅಕ್ಕ ಸಂತೆಯಲ್ಲಿ ಸೊಪ್ಪಿನ ಕಂತೆಗೆ ಅರ್ಧ ಗಂಟೆ ಚೌಕಾಸಿ ಮಾಡುವವಳು. ಬೇರೆ ಯಾರಾದರೂ ಈ ಮಾತು ಹೇಳಿದ್ದರೆ ಅವರ ವಂಶ ತೊಳೆದುಬಿಡುತ್ತಿದ್ದಳು. ಹೇಳಿದವನು ನಾನು, ಮಂಡಿಯಲ್ಲಿ ತೂಕ ಹಾಕುವವನು, ಓದಿದವನು. ಅವಳ ಮುಖ ಸಣ್ಣಗಾಯಿತು.

"ನನ್ ನಾಲ್ಗೆ ಚಪಲ. ಸುಮ್ನಿರದೆ ಕೊಂಡ್ಕಂಡೆ," ಅಂದಳು.

ವಡೆಗಳನ್ನು ಅಲ್ಲೇ ತಿಂದು ಮುಗಿಸುವುದೆಂದು ತೀರ್ಮಾನವಾಯಿತು. ಬಿಸಾಡುವ ಜಾತಿಯವರಲ್ಲ ನಾವು. ಅಕ್ಕ ಮೂರು ತಿಂದಳು. ನಾನು ಪಾಪಪ್ರಜ್ಞೆಯಿಂದ ಐದು ತಿಂದೆ. ಕಾವಲಿನವನಿಗೆ ಎರಡು ಕೊಟ್ಟೆವು, ಬೇಡ ಬೇಡ ಎನ್ನುತ್ತಲೇ ತಿಂದ. ಉಳಿದೆರಡನ್ನು ಲಂಡನ್ನಿಗೋ ಎಲ್ಲಿಗೋ ಹೊರಟಿದ್ದ ಹೆಂಗಸೊಬ್ಬಳ ಕೈಗೆ ಅಕ್ಕ ಬಲವಂತವಾಗಿ ಇಟ್ಟಳು. ಮತ್ತೆ ತೂಗಿದಾಗ ಹತ್ತು ಕಿಲೋ ಇನ್ನೂರು. ಮುಕ್ಕಾಲು ಕಿಲೋದಷ್ಟು ಇಳಿದದ್ದನ್ನು ನೋಡಿ ನಾನು, "ಕಂಡ್ಯಾ, ಒಡೇದೇ," ಅಂದೆ. ಈ ಮಾತು ನೆನೆಸಿಕೊಂಡರೆ ಈಗಲೂ ತಲೆ ತಗ್ಗುತ್ತದೆ.

ಮೈಮೇಲೆ ಹಾಕಿಕೊಂಡದ್ದನ್ನು ಯಾರೂ ತೂಗುವುದಿಲ್ಲ ಎಂದು ವಡೆ ತಿಂದ ಋಣಕ್ಕೆ ಕಾವಲಿನವನು ಪಿಸುಗುಟ್ಟಿದ. ಅಕ್ಕ ಉಟ್ಟ ಸೀರೆಯ ಮೇಲೆ ಇನ್ನೊಂದು ಸೀರೆ ಸುತ್ತಿದಳು. ಅದರ ಮೇಲೆ ಸ್ವೆಟರು, ಶಾಲು. ಅಂಟಿನ ಪೊಟ್ಟಣ, ಶುಂಠಿ ಪೊಟ್ಟಣ ಸೊಂಟಕ್ಕೆ ಸಿಕ್ಕಿಸಿದಳು. ಬಂದಾಗ ಕಡ್ಡಿಯಂತಿದ್ದ ಅಕ್ಕ ಆಲೆಮನೆ ಕೊಪ್ಪರಿಗೆಯಷ್ಟು ದುಂಡಗಾದಳು. ಪೆಟ್ಟಿಗೆ ಎಂಟು ಕಿಲೋಗೆ ಬಂತು, ಇನ್ನೂ ಒಂದು ಕಿಲೋ ಹೆಚ್ಚಿತ್ತು.

ನಾವಿಬ್ಬರೂ ಸಾಣೆಕಲ್ಲನ್ನು ನೋಡಿದೆವು.

ಪೆಟ್ಟಿಗೆ ಬಿಟ್ಟು ಸಾಮಾನನ್ನು ಒಂದು ಗಂಟು ಕಟ್ಟಿದ್ದರೆ ಕಲ್ಲು ಧಾರಾಳವಾಗಿ ಹೋಗುತ್ತಿತ್ತು. ಅದು ನನಗೆ ಗೊತ್ತಿತ್ತು. ಆದರೆ ಹಾಗೆ ಹೇಳಿದರೆ ಪೆಟ್ಟಿಗೆಗೆ ತೂಕವಿದೆ ಎಂದು ಹೇಳಿದ ಹಾಗೆ. ನಾನು ಹೇಳಲಿಲ್ಲ.

"ಕಲ್ಲು ಬುಟ್ಟು ಓಗು. ಪಾರ್ಸಲ್ ಮಾಡ್ತೀನಿ," ಅಂದೆ.

ಅಕ್ಕ ಕಲ್ಲಿನ ಗುಳಿಯನ್ನು ಹೆಬ್ಬೆರಳಿನಿಂದ ಒಂದು ಸಲ ಸವರಿದಳು. ನನ್ನ ಕೈಗೆ ಕೊಟ್ಟಳು. ಆಮೇಲೆ ನಡೆಯಲಾರದೆ ನಡೆಯುತ್ತಾ ಒಳಗೆ ಹೋದಳು.

ಅಲ್ಲಿ ತಪಾಸಣೆಯ ಹೆಂಗಸು ಅವಳನ್ನು ಸುಲಿಯುವುದರೊಳಗೆ ಬೆವತುಹೋದಳಂತೆ. ಒಂದು ಸೀರೆ, ಇನ್ನೊಂದು ಸೀರೆ, ಶುಂಠಿ. "ಕೋಸು ಬುಡಿಸ್ದಂಗೆ ಬುಡಿಸಿದ್ಲು ಕಣ್ಲಾ. ಕೊನೇಗೆ ನಾನು ಸಿಕ್ದೆ," ಎಂದು ಅಕ್ಕ ಆಮೇಲೆ ಫೋನಿನಲ್ಲಿ ಹೇಳಿದಳು.

ಪಾರ್ಸಲ್ ಆಫೀಸಿಗೆ ನಾನು ಹೋದದ್ದು ನಿಜ. ಅಲ್ಲಿ ಒಂದು ಫಾರಂ ಕೊಟ್ಟರು. ಒಳಗೇನಿದೆ ಎಂದು ಕೇಳಿದರು. ಕಲ್ಲು ಅಂದೆ. ಕೌಂಟರಿನವನು ಹಿಂದಿನವನನ್ನು ಕರೆದು ಇನ್ನೊಂದು ಸಲ ಹೇಳಿ ಅಂದ. ನಾನು ಫಾರಮ್ಮನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಕಲ್ಲಿನ ಸಮೇತ ವಾಪಸ್ಸು ಬಂದೆ. ಗುತ್ತಲಿನ ನಮ್ಮ ಮನೆಯ ಬಾಗಿಲು ಗಾಳಿಗೆ ಬಡಿಯುತ್ತಿತ್ತು. ನನ್ನ ಹೆಂಡತಿ ಕಲ್ಲನ್ನು ಅದಕ್ಕೆ ಅಡ್ಡ ಇಟ್ಟಳು. ಅಲ್ಲಿಂದ ಮುಂದೆ ನಾನು ದಿನಕ್ಕೆ ಹತ್ತು ಸಲ ಅದನ್ನು ದಾಟಬೇಕಾಯಿತು. ಎರಡು ಸಲ ಎಡವಿದೆ.

ಹೆಣ್ಣು ಕೂಸು ಹುಟ್ಟಿತು. ಅಕ್ಕ ಫೋನು ಮಾಡಿದಾಗಲೆಲ್ಲ ಹಿಂದೆ ಕೂಸು ಅಳುವುದು ಕೇಳುತ್ತಿತ್ತು. "ಕಲ್ಲಿಲ್ಲ, ಅದ್ಕೇ ಅಳ್ತದೆ. ಸ್ಟೀಲ್ ತಟ್ಟೆ ಬೋರಲಾಕಿ ತೇಯ್ದೆ, ಬಜೆ ಜಾರ್ತದೆ. ಎಲ್ಲ ನನ್ ಒಡೇ ಆಸೆಯಿಂದ್ಲೇ," ಅನ್ನುತ್ತಿದ್ದಳು. ಅದರ ಮೇಲೆ ಮಗಳ ದನಿ ಬರುತ್ತಿತ್ತು. ಆರು ತಿಂಗಳು ತಾಯಿ ಹಾಲು ಬಿಟ್ಟು ಏನೂ ಕೊಡಬಾರದು ಎಂದು ಡಾಕ್ಟರು ಹೇಳಿದ್ದರು. ಕೊನೆಗೂ ಒಂದು ಹನಿ ಬಜೆ ಕೂಸಿನ ಬಾಯಿಗೆ ಹೋಗಲಿಲ್ಲ.

"ಡಾಕ್ಟ್ರಿಗೆ ಚಿಕ್ಕೋನಾಗಿದ್ದಾಗ ಯಾರೂ ತೇಯ್ದಿಲ್ಲ, ಅದ್ಕೇ ಅಂಗಾಡ್ತಾನೆ," ಅಂದಳು ಅಕ್ಕ.

ಮೂರು ತಿಂಗಳಿಗೆ ಅವಳು ಊರಿಗೆ ಬಂದಳು. ಬಂದವಳೇ ಮುತ್ತತ್ತಿಗೆ ಹೋಗಿ ಹೊಳೆಯಲ್ಲಿ ಮುಳುಗೆದ್ದು, ಆಂಜನೇಯನ ಮುಂದೆ ನಿಂತು, ಮೊಮ್ಮಗಳಿಗೆ ಆ ಕಲ್ಲಿನ ಮೇಲೆ ತೇಯುವ ತನಕ ವಡೆ ಮುಟ್ಟುವುದಿಲ್ಲ ಎಂದು ಬಿಟ್ಟು ಬಂದಳು. ವಡೆಯ ಸರ ಹಾಕಿಸಿಕೊಳ್ಳುವ ದೇವರ ಮುಂದೆ ಹೋಗಿ ವಡೆ ಬಿಟ್ಟವಳು ನಮ್ಮ ಅಕ್ಕ ಒಬ್ಬಳೇ ಇರಬೇಕು.

ಇಷ್ಟಕ್ಕೆ ಮುಗಿಯಲಿಲ್ಲ. ವಿಮಾನದ ಕತೆ ಅವಳ ದೊಡ್ಡ ಕತೆಯಾಯಿತು. ಮದುವೆಮನೆಯಲ್ಲಿ, ಬೀಗರ ಊಟದಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಎಲ್ಲಿ ನಾಲ್ಕು ಜನ ಸೇರಿದರೂ ಅದೇ ಕತೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಪ್ರತಿ ಸಲವೂ ಒಂದು ಮಾತು ಸೇರಿಸುತ್ತಿದ್ದಳು: "ನನ್ ತಮ್ಮ ಒಂದು ಗ್ರಾಂ ಎಚ್ಚುಕಮ್ಮಿ ಇಲ್ದಂಗೆ ತೂಗಿದ್ದ ಕಣ್ರವ್ವ. ನಾನೇ ಆಳ್ಮಾಡ್ದೆ." ಎಲ್ಲರೂ ನನ್ನ ಕಡೆ ಮೆಚ್ಚಿಗೆಯಿಂದ ನೋಡುತ್ತಿದ್ದರು. ನಾನು ಎಲೆಯ ಮೇಲಿನ ಉಪ್ಪಿನಕಾಯಿ ನೋಡುತ್ತಿದ್ದೆ.

ಮಗುವಿಗೆ ಐದು ತಿಂಗಳಾದಾಗ ಅಕ್ಕನ ಮಗಳು ಊರಿಗೆ ಬಂದು ಒಂದು ತಿಂಗಳಿದ್ದಳು; ಆರು ತುಂಬಿಲ್ಲವೆಂದು ಇಲ್ಲಿಯೂ ಬಜೆ ಮುಟ್ಟಿಸಲು ಬಿಡಲಿಲ್ಲ. ವಾಪಸ್ಸು ಹೋಗುವಾಗ ಮಗು ನೋಡಿಕೊಳ್ಳಲು ಅಕ್ಕನೂ ಜೊತೆಗೆ ಹೊರಟಳು. ಮತ್ತೆ ಅದೇ ಅಗ್ಗದ ಟಿಕೆಟ್ಟು, ಅದೇ ಏಳು ಕಿಲೋ. ಮಗಳ ಬ್ಯಾಗು ಮಗುವಿನ ಬಟ್ಟೆಗೇ ತುಂಬಿತ್ತು.

"ಆರು ತಿಂಗ್ಳು ಆಯ್ತಲ್ಲ, ಡಾಕ್ಟ್ರ ಮಾತು ಮುಗೀತು," ಅಂದಳು ಅಕ್ಕ ನನಗೆ. "ಈ ಸಲ ಕಲ್ಲು ಓಗ್ಲೇಬೇಕು. ನಾನು ಏನೂ ಮುಟ್ಟಕಿಲ್ಲ. ನೀನೇ ತೂಗು, ನೀನೇ ಕಟ್ಟು. ನಿನ್ ತೂಕ ತಪ್ಪಕಿಲ್ಲ."

ನಾನು ಮಂಡ್ಯದ ಅಂಗಡಿಯಲ್ಲಿ ಎತ್ತಿದರೆ ಗೊತ್ತೇ ಆಗದಂಥ ಬಟ್ಟೆಯ ಬ್ಯಾಗು ಕೊಂಡೆ. ಬಾಗಿಲಿನ ಅಡ್ಡದಿಂದ ಕಲ್ಲು ತೆಗೆದು, ತೊಳೆದು, ಒಳಗಿಟ್ಟೆ. ಮಂಡಿಗೆ ಹೋಗಿ ಬ್ಯಾಗಿನ ಸಮೇತ ತೂಗಿದೆ. ಚೀಲದ ತೂಕ ಕಳೆಯದೆ ನಾನು ಹಾಕಿದ ಮೊದಲ ತೂಕ ಅದು. ಆರು ಕಿಲೋ ಎಂಟುನೂರು.

ಚಕ್ರದ ಪೆಟ್ಟಿಗೆ ಎಲ್ಲಿ ಎಂದು ಅಕ್ಕ ಕೇಳಿದಳು. ಚಕ್ರ ಮುರಿಯಿತು ಅಂದೆ. ಅಲ್ಲಿಗೆ ಎಲ್ಲ ಸರಿಹೋಗಿತ್ತು. ಕಲ್ಲು ಹೋಗುತ್ತಿತ್ತು, ಅಕ್ಕ ತೇಯುತ್ತಿದ್ದಳು, ವಡೆ ತಿನ್ನುತ್ತಿದ್ದಳು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಯುವ ತನಕ ಒಂದು ಗ್ರಾಂ ತಪ್ಪದ ತಮ್ಮನಾಗಿ ಉಳಿಯುತ್ತಿದ್ದೆ.

ಮದ್ದೂರಿನಲ್ಲಿ ಬೆಂಗಳೂರು ಬಸ್ಸಿಗೆ ಕಾಯುತ್ತಾ ಕೂತಿದ್ದೆವು. ಅಕ್ಕನ ಮಗಳು ಎರಡು ವಡೆ ಕೊಂಡು ತಂದಳು. ಈರುಳ್ಳಿ ಬೆಂದ ವಾಸನೆಗೆ ಮಗುವೂ ಮೂಗು ಅರಳಿಸಿತು. ಅಕ್ಕ ಮುಖವನ್ನು ಗೋಡೆ ಕಡೆ ತಿರುಗಿಸಿಕೊಂಡಳು.

"ಒಂದ್ ಚೂರು ತಿನ್ನವ್ವ."

"ಬ್ಯಾಡ ಕಣೆ. ನಂಗೂ ಅದ್ಕೂ ಋಣ ತೀರೋಗದೆ."

ಪಕ್ಕದಲ್ಲಿ ಕೂತಿದ್ದ ಮುದುಕಿ ಯಾಕೆ ಎಂದು ಕೇಳಿದಳು. ಅಕ್ಕ ಸೆರಗು ಸರಿಮಾಡಿಕೊಂಡಳು. ನನಗೆ ಗೊತ್ತಾಯಿತು, ಕತೆ ಶುರುವಾಗುತ್ತದೆ.

"ಅದೊಂದ್ ದೊಡ್ ಕತೆ ಕಣವ್ವ. ಇಂವ ನನ್ ತಮ್ಮ. ಬೆಲ್ಲದ ಮಂಡೀಲಿ ತೂಕ ಆಕೋನು. ಒಂದು ಗ್ರಾಂ ಎಚ್ಚುಕಮ್ಮಿ ಇಲ್ದಂಗೆ..."

"ಅಕ್ಕ," ಅಂದೆ.

"ತಡೀಲಾ, ಏಳ್ತಾ ಇವ್ನಿ."

"ಕಳೆದ ಸಲ ಎಚ್ಚಾಗಿದ್ದು ಒಡೆಯಿಂದ ಅಲ್ಲ."

ಅಕ್ಕನ ಮಗಳು ಅಗಿಯುವುದನ್ನು ನಿಲ್ಲಿಸಿದಳು. ಅವಳ ಮುಖ ನೋಡಿ, ಇಷ್ಟು ದಿನವೂ ಅವಳಿಗೆ ಅನುಮಾನವಿತ್ತು ಎಂದು ತಿಳಿಯಿತು. ನಾನು ಫೋನು ತೆಗೆದೆ. ಆ ಹಳೇ ಮೆಸೇಜು ಹುಡುಕಿ, ಮೊದಲ ಸಾಲಿನಿಂದ, ತುಟಿ ಅಲ್ಲಾಡಿಸುತ್ತಾ, ದನಿ ತೆಗೆದು ಓದಿದೆ. ಅಕ್ಕ ಯಾವತ್ತಿನಂತೆ ನನ್ನ ತುಟಿಯನ್ನೇ ನೋಡುತ್ತಾ ಕೂತಳು. ಮೂರನೇ ಸಾಲಿಗೆ ಆಕಳಿಕೆ ಬರಲಿಲ್ಲ. ಐದನೇ ಸಾಲಿಗೆ ಬಂದು, ಬ್ಯಾಗಿನ ತೂಕವೂ ಸೇರಿ ಏಳು ಕಿಲೋ ಎಂಬುದನ್ನು ಓದಿ, ಮಾವನಿಗೆ ಒತ್ತಿ ಹೇಳು ಎಂಬುದನ್ನೂ ಬಿಡದೆ ಓದಿದೆ. ಬೆಂಗಳೂರಿನ ಒಂದು ಬಸ್ಸು ಬಂದು ಹೋಯಿತು. ನಾವ್ಯಾರೂ ಏಳಲಿಲ್ಲ.

"ಇಷ್ಟುದ್ದ ಅದಲ್ಲ ಅಂತ ನಾನು ಅವತ್ತೇ ಕೇಳ್ದೆ," ಅಂದಳು ಅಕ್ಕ, ಮೆಲ್ಲಗೆ. "ಕ್ಷೇಮ ಸಮಾಚಾರ ಅಂದೆ ನೀನು."

ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅವತ್ತೇ ಏಳ್ಬಾರ್ದಿತ್ತಾ ಮತ್ತೆ, ಬಾಯಲ್ಲೇನು ಒಡೆ ಇಟ್ಕೊಂಡಿದ್ದಾ?" ಅಂದಳು.

ನನ್ನ ಬಾಯಲ್ಲಿ ಏನೂ ಇರಲಿಲ್ಲ. ಅಕ್ಕನ ಮಗಳ ಕೈಯಿಂದ ಇನ್ನೊಂದು ವಡೆಯನ್ನು ತೆಗೆದುಕೊಂಡು ಅಕ್ಕನ ಮುಂದೆ ಹಿಡಿದೆ.

"ತಪ್ಪಾಯ್ತು ಕಣಕ್ಕ. ನಾನು ಓದ್ನಿಲ್ಲ. ಓದ್ನಿಲ್ಲ ಅಂತ ಗೊತ್ತಾದ್ ಮ್ಯಾಲೂ ಏಳ್ನಿಲ್ಲ. ಒಡೇದೇನೂ ತಪ್ಪಿಲ್ಲ, ನಿಂದೂ ತಪ್ಪಿಲ್ಲ. ನನ್ನ ಕ್ಷಮಿಸ್ಬುಡು."